ಹಿಟ್ಟಿನ ಗಾಳಿ

ಬಾಡಿಗೆ ಮನೆಯ ಹಿಂದಿನ ಕೋಣೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮಂಡಿ ಹೇಗಿದೆ? ಎರಡನೆಯ ಆಪರೇಷನ್ ಆದಮೇಲೆ ಕೋಲು ಬಿಟ್ಟು ಗೇಟಿನವರೆಗೂ ನಡೆಯುತ್ತೀರಂತೆ, ವ್ಯಾಯಾಮ ಮಾಡಿಸಲು ಬರುವ ಹುಡುಗಿಯನ್ನು ದಿನವೂ ಗದರಿಸುತ್ತೀರಂತೆ, ನಾದಿನಿ ಹೇಳಿದಳು. ಗದರಿಸುವಷ್ಟು ಶಕ್ತಿ ಬಂದಿದೆ ಎಂದರೆ ನನಗೆ ಅರ್ಧ ನೆಮ್ಮದಿ. ಆದರೂ ಆ ಹುಡುಗಿ ಹೇಳಿದಷ್ಟು ಸಲ ಕಾಲು ಮಡಿಸಿ, ನೆಲದ ಮೇಲೆ ಕೂರಬೇಡಿ, ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬೇಡಿ. ಅಲ್ಲಿಯ ಅಂಗಡಿ ಬ್ರೆಡ್ಡು ಪಾತ್ರೆ ತಿಕ್ಕುವ ಸ್ಪಂಜಿನ ಹಾಗಿದೆ ಎಂದು ತಟ್ಟೆ ಸರಿಸಿ ಎದ್ದಿರಂತೆ. ಮಗಳ ಮನೆಯಲ್ಲಿದ್ದೀರಿ ಅತ್ತೆ, ಸ್ವಲ್ಪ ದಿನ ಆ ಸ್ಪಂಜನ್ನೇ ಹಾಲಿನಲ್ಲಿ ಅದ್ದಿಕೊಂಡು ತಿನ್ನಿ. ಪುಟ್ಟಿ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದು ಈಗ ಮಾತಾಡಿದರೆ ಗಾಳಿ ಊದಿದಂತೆ ಕೇಳುತ್ತದೆ, ಅಜ್ಜಿಗೆ ಅದನ್ನು ಬರೆಯಲೇಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ.

ಬಾಡಿಗೆ ಮನೆ ಎಂದು ಮೇಲೆ ಬರೆದದ್ದನ್ನು ನೋಡಿ ಗಾಬರಿಯಾಗಬೇಡಿ. ಬೇಕರಿ ಇದ್ದಲ್ಲೇ ಇದೆ, ಭಾನುವಾರ ಬಿಟ್ಟು ದಿನವೂ ಬಾಗಿಲು ತೆರೆಯುತ್ತದೆ. ಅದರ ಮೇಲಿನ ಮನೆಯನ್ನು ಬಿಟ್ಟು ನಾವು ಮೂವರೂ ಎರಡು ಬೀದಿ ಆಚೆಗೆ ಬಂದಿದ್ದೇವೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮೊಡನೆ ಮಾತಾಡುವಾಗಲೆಲ್ಲ ಇವರು ಪಕ್ಕದಲ್ಲೇ ಕೂತಿರುತ್ತಾರೆ. "ಅಮ್ಮನ ಗಾಯ ಮಾಗ್ಲಿ, ಆಮೇಲೆ ಹೇಳೋಣ" ಎನ್ನುತ್ತಾ ಬಂದರು. ಗಾಯ ಮಾಗಿದೆ ಎಂದು ನಾದಿನಿ ಹೇಳಿ ವಾರವಾಯಿತು, ಇವರ ಬಾಯಿ ಮಾತ್ರ ತೆರೆಯಲಿಲ್ಲ. ಅದಕ್ಕೇ ನಾನು ಕಾಗದ ಹಿಡಿದು ಕೂತಿದ್ದೇನೆ. ಇವರು ಪುಟ್ಟಿಯನ್ನು ಕ್ಷೌರದಂಗಡಿಗೆ ಕರೆದುಕೊಂಡು ಹೋಗಿದ್ದಾರೆ. ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಮಗನಿಗೆ ಆಸ್ತಮಾ. ಅದು ಬಂದಿರುವುದು ನಮ್ಮ ಹಿಟ್ಟಿನಿಂದ. ಒಂದೂವರೆ ತಿಂಗಳಿನಿಂದ ಇವರು ಬೇಕರಿಯ ಒಳಗೆ ಕಾಲಿಟ್ಟಿಲ್ಲ.

ಓದುವುದನ್ನು ನಿಲ್ಲಿಸಿ ಮಗಳನ್ನು ಕೂಗಬೇಡಿ, ಪೂರ್ತಿ ಓದಿ. ಇದು ನಿನ್ನೆ ಮೊನ್ನೆಯದಲ್ಲ. ಬೆಳಗಾದರೆ ಇವರ ಮೂಗು ಸುರಿಯುತ್ತಿದ್ದದ್ದು, ಮೈದಾ ಜರಡಿ ಹಿಡಿಯುವಾಗ ಸಾಲಾಗಿ ಸೀನುತ್ತಿದ್ದದ್ದು ನಿಮಗೇ ಗೊತ್ತು. "ಇವನ ಸೀನು ಕೇಳಿ ಗಡಿಯಾರ ಸರಿಮಾಡ್ಕೋಬಹುದು" ಎಂದು ನೀವೇ ನಗಿಸುತ್ತಿದ್ದಿರಿ, ನಾವೂ ನಗುತ್ತಿದ್ದೆವು. ಆಮೇಲೆ ಸೀನು ಕೆಮ್ಮಾಯಿತು. ಸಂಜೆ ಕೆಲಸ ಮುಗಿಸಿ ಮೆಟ್ಟಿಲು ಹತ್ತಿ ಬಂದವರು ಹೊಸ್ತಿಲಲ್ಲೇ ನಿಂತು ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದರು. ಮಲಗಿದರೆ ಎದೆಯಲ್ಲಿ ಸಿಳ್ಳು. ಮೂಲೆ ಕ್ಲಿನಿಕ್ಕಿನ ಡಾಕ್ಟರು ಶೀತ ಎಂದರು, ಕೆಂಪು ಸಿರಪ್ಪು ಕೊಟ್ಟರು. ಇನ್ನೊಮ್ಮೆ ಹೋದಾಗ ಎದೆಯಲ್ಲಿ ಕಫ ಕಟ್ಟಿದೆ ಎಂದರು, ಹಸಿರು ಸಿರಪ್ಪು ಕೊಟ್ಟರು. ಬಣ್ಣ ಬದಲಾಯಿತು, ಕೆಮ್ಮು ಬದಲಾಗಲಿಲ್ಲ. ಏನು ಕೆಲಸ ಮಾಡುತ್ತೀರಿ ಎಂದು ಆ ಪುಣ್ಯಾತ್ಮರು ಒಮ್ಮೆಯೂ ಕೇಳಲಿಲ್ಲ. ನಾವಾದರೂ ಯಾಕೆ ಹೇಳುತ್ತೇವೆ? ಹಿಟ್ಟು ನಮಗೆ ಅನ್ನ ಕೊಡುವ ವಸ್ತು, ಅದರ ಮೇಲೆ ಅನುಮಾನ ಪಡುವುದು ಯಾರ ತಲೆಗೆ ಹೊಳೆಯುತ್ತದೆ.

ನಿಮ್ಮ ಮೊದಲ ಆಪರೇಷನ್ನಿಗೆ ಇವರು ಅಲ್ಲಿಗೆ ಬಂದು ಎರಡು ವಾರ ಉಳಿದಿದ್ದರಲ್ಲ, ಆಗ ನೀವು ನನಗೆ ಫೋನಿನಲ್ಲಿ ಏನು ಹೇಳಿದಿರಿ ನೆನಪಿದೆಯಾ? "ನೋಡೇ, ಇಲ್ಲಿಯ ಗಾಳಿ ನನ್ನ ಮಗನಿಗೆ ಎಷ್ಟು ಚೆನ್ನಾಗಿ ಹಿಡಿಸಿದೆ, ಕೆಮ್ಮೇ ಇಲ್ಲ" ಅಂದಿರಿ. ಆಸ್ಪತ್ರೆಯ ಮೆಟ್ಟಿಲುಗಳನ್ನು ನಿಮಗಾಗಿ ಹತ್ತಿ ಇಳಿದು ಓಡಾಡಿದರೂ ಉಸಿರು ಕಟ್ಟಲಿಲ್ಲವಂತೆ. ಮನೆಗೆ ಬಂದ ಮರುದಿನ ಬೆಳಿಗ್ಗೆ ಬೇಕರಿಗೆ ಇಳಿದು ಮಿಕ್ಸರಿಗೆ ಮೂಟೆ ಬಗ್ಗಿಸಿದರು. ಮಧ್ಯಾಹ್ನದ ಹೊತ್ತಿಗೆ ಮಾತು ತುಂಡು ತುಂಡಾಗಿ ಬರುತ್ತಿತ್ತು. ಅಂದು ನಾನು ಇವರ ಮಾತು ಕೇಳಲಿಲ್ಲ, ಬಲವಂತವಾಗಿ ಆಟೋ ಹತ್ತಿಸಿ ದೊಡ್ಡಾಸ್ಪತ್ರೆಯ ಎದೆ ವಿಭಾಗಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ. ದಪ್ಪ ಕನ್ನಡಕ, ಮಾತು ಕಡಿಮೆ, ನೋಡಿದರೆ ಸಿಡುಕಿ ಅನ್ನಿಸುತ್ತದೆ. ಎದೆಗೆ ಕೊಳವೆ ಇಟ್ಟು ಕೇಳಿಸಿಕೊಂಡವರೇ ಮೊದಲು ಕೇಳಿದ್ದು, "ಏನು ಕೆಲಸ?" ಎಂದು. ಇವರು ಬೇಕರಿ ಎಂದರು. ಪೆನ್ನು ಕೆಳಗಿಟ್ಟರು. ರಜೆ ದಿನ ಹೇಗಿರುತ್ತೀರಿ, ಊರು ಬಿಟ್ಟು ಹೋದಾಗ ಹೇಗಿದ್ದಿರಿ ಎಂದು ಒಂದೊಂದಾಗಿ ಕೇಳಿದರು. ನಾನು ಮಧ್ಯೆ ಬಾಯಿ ಹಾಕಿ ನಿಮ್ಮ ಆ 'ಗಾಳಿ ಹಿಡಿಸಿದ' ಮಾತು ಹೇಳಿದೆ. ಅವರು ಮೊದಲ ಸಲ ನಕ್ಕರು. "ಅಲ್ಲಿಯ ಗಾಳಿ ಹಿಡಿಸಿದ್ದಲ್ಲಮ್ಮ, ಇಲ್ಲಿಯ ಗಾಳಿ ತಪ್ಪಿದ್ದು" ಎಂದರು. ಆದರೆ ಬರೀ ಊಹೆಯ ಮೇಲೆ ಯಾರ ಕಸುಬನ್ನೂ ಬಿಡಿಸುವುದಿಲ್ಲ ಎಂದು ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆ ಕೊಟ್ಟು ಕಳಿಸಿದರು. ಅದನ್ನು ಜೋರಾಗಿ ಊದಿದರೆ ಮುಳ್ಳು ಮುಂದೆ ಓಡುತ್ತದೆ, ಎದೆಯ ಬಲ ಎಷ್ಟೆಂದು ಗೊತ್ತಾಗುತ್ತದೆ. ಕೆಲಸ ಮಾಡುವ ದಿನಗಳಲ್ಲಿ ಹೊತ್ತು ಹೊತ್ತಿಗೆ ಊದಬೇಕು, ಆಮೇಲೆ ಬೇಕರಿಯಿಂದಲೂ ಮೇಲಿನ ಮನೆಯಿಂದಲೂ ದೂರ ಇದ್ದು ಮತ್ತೆ ಊದಬೇಕು. ಇವರು ನಮ್ಮ ಬೇಕರಿಯ ವ್ಯಾನ್ ಡ್ರೈವರಣ್ಣನ ಮನೆಯಲ್ಲಿ ಹೋಗಿ ಮಲಗಿದರು. ಗಂಡ ಹೆಂಡತಿ ಜಗಳವಾಡಿದ್ದಾರೆ ಎಂದು ಬೀದಿಯೆಲ್ಲ ಗುಲ್ಲೆದ್ದಿತು, ಇಸ್ತ್ರಿ ಅಂಗಡಿಯಾಕೆ ನನಗೆ ಸಮಾಧಾನ ಹೇಳಲು ಬಂದಳು! ನಗಲೋ ಅಳಲೋ ಗೊತ್ತಾಗಲಿಲ್ಲ. ಬೇಕರಿಯ ದಿನಗಳಲ್ಲಿ ತೆವಳುತ್ತಿದ್ದ ಮುಳ್ಳು ಡ್ರೈವರಣ್ಣನ ಮನೆಯಲ್ಲಿ ದಿನದಿಂದ ದಿನಕ್ಕೆ ಮುಂದೆ ಹೋಯಿತು. ಕೊನೆಗೆ ಆಸ್ಪತ್ರೆಯಲ್ಲಿ ಇವರ ಮುಂಗೈ ಮೇಲೆ ಬೇರೆ ಬೇರೆ ಹನಿ ಹಾಕಿ ಸೂಜಿಯಲ್ಲಿ ಮೆಲ್ಲಗೆ ಚುಚ್ಚಿದರು. ದೂಳಿಗೆ ಏನೂ ಆಗಲಿಲ್ಲ, ಬೆಕ್ಕಿನ ಕೂದಲಿಗೆ ಏನೂ ಆಗಲಿಲ್ಲ. ಗೋಧಿ ಹಿಟ್ಟಿನದ್ದು ಮತ್ತು ಬ್ರೆಡ್ಡು ಮೆತ್ತಗಾಗಲು ಬೆರೆಸುತ್ತೇವಲ್ಲ, ಆ ಬಿಳಿ ಪುಡಿಯದ್ದು, ಎರಡು ಕಡೆ ಸೊಳ್ಳೆ ಕಚ್ಚಿದ ಹಾಗೆ ದಪ್ಪಗೆ ಉಬ್ಬಿತು. ಇವರು ಆ ಗುಳ್ಳೆಗಳನ್ನೇ ನೋಡುತ್ತ ಕೂತರು. "ತಿನ್ನಬಹುದಾ ಡಾಕ್ಟ್ರೇ?" ಎಂದು ಕೇಳಿದರು. "ತಿನ್ನಿ, ಏನೂ ಆಗಲ್ಲ. ಉಸಿರಲ್ಲಿ ಎಳ್ಕೋಬೇಡಿ" ಎಂದರು.

ಔಷಧಿ ಎಂದು ಎರಡು ಪಂಪು ಕೊಟ್ಟಿದ್ದಾರೆ. ಒಂದು ದಿನವೂ ಬೆಳಿಗ್ಗೆ ಸಂಜೆ ಎಳೆದು ಬಾಯಿ ಮುಕ್ಕಳಿಸುವಂಥದ್ದು, ಇನ್ನೊಂದು ಉಸಿರು ಕಟ್ಟಿದಾಗ ಮಾತ್ರ. ಪಂಪು ಹಿಡಿದರೆ ಬಿಡುವ ಹಾಗಿಲ್ಲ, ಅದು ಕೊನೆಯ ಹಂತದವರಿಗೆ ಎಂದು ಯಾರೋ ಕಿವಿಯೂದಿದ್ದರು, ಇವರು ಮೊದಲು ಮುಟ್ಟಲೇ ಇಲ್ಲ. ಆಮೇಲೆ ಮುಟ್ಟಿದರೂ ಗಿರಾಕಿಗಳ ಕಣ್ಣಿಗೆ ಬೀಳಬಾರದು ಎಂದು ಶೌಚಾಲಯಕ್ಕೆ ಹೋಗಿ ಎಳೆಯುತ್ತಿದ್ದರು. "ರೋಗ ಇರೋನ ಕೈಲಿ ಬ್ರೆಡ್ ಯಾರು ತಗೋತಾರೆ?" ಎಂಬುದು ಇವರ ವಾದ. ಇದು ಅಂಟುವ ರೋಗವಲ್ಲ ಎಂದು ನಾನು ಹೇಳಿ ಹೇಳಿ ಬಾಯಿ ಒಣಗಿತು.

ಡಾಕ್ಟರಮ್ಮ ಅಂದೇ ಹೇಳಿದ್ದರು, ಪಂಪು ಇದೆಯಲ್ಲ ಎಂದು ಹಿಟ್ಟಿನಲ್ಲೇ ನಿಂತರೆ ಮಳೆಯಲ್ಲಿ ನಿಂತು ಮೈ ಒರೆಸಿಕೊಂಡ ಹಾಗೆ ಎಂದು. ಇವರು ಕೇಳಲಿಲ್ಲ. ಮೊದಲು ಬೇಕರಿಯನ್ನೇ ಸರಿಮಾಡೋಣ ಎಂದರು. ಮುಖಕ್ಕೆ ಬಿಗಿಯಾದ ಮಾಸ್ಕು ಬಂತು. ಮಿಕ್ಸರಿಗೆ ಮುಚ್ಚಳ ಹಾಕಿಸಿದರು. ಮೂಟೆಯನ್ನು ಎತ್ತಿ ಕೊಡವುವುದು ಬೇಡ, ಮೆಲ್ಲಗೆ ಬಗ್ಗಿಸಿ ಎಂದರು. ಪೊರಕೆಯನ್ನು ಹೊರಗೆಸೆದು ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದರು. ಭಟ್ಟಿಯಣ್ಣನಿಗೆ ಇದೆಲ್ಲ ಹಿಡಿಸಲಿಲ್ಲ. ಮಾವನ ಕಾಲದಿಂದ ಒಲೆಯ ಮುಂದೆ ನಿಂತ ಮನುಷ್ಯ, "ಹಿಟ್ಟಿಗೆ ಹೆದರೋ ಬೇಕರಿ ಇದೇ ಮೊದಲು ನೋಡಿದ್ದು" ಎಂದು ಮೂಗು ಮುರಿದ. ಆದರೂ ಒರೆಸಿದ, ಅವನ ಮನಸ್ಸು ನಿಮಗೆ ಗೊತ್ತಲ್ಲ. ಇದರಿಂದ ಅವನ ಮತ್ತು ನನ್ನ ಎದೆಗೂ ಒಳ್ಳೆಯದೇ ಆಯಿತು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆಸಿ ಕೊಳವೆ ಊದಿಸಿ ನೋಡಿದರು, ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದಿದ್ದಾರೆ. ಇವರು ಮುಂದಿನ ಗಲ್ಲಾದಲ್ಲಿ ಕೂರುವುದು, ಒಳಗಿನದ್ದು ನಾವು ನೋಡಿಕೊಳ್ಳುವುದು ಎಂದು ಮಾತಾಯಿತು. ಮಾತೇನೋ ಆಯಿತು. ಗಲ್ಲಾದ ಹಿಂದೆ ಒಂದು ಪರದೆ, ಪರದೆಯ ಹಿಂದೆ ಹಿಟ್ಟು. ಒಳಗೆ ಹಿಟ್ಟು ಅಂಟಂಟಾಗಿದೆ ಎಂದು ಕೇಳಿಸಿದರೆ ಸಾಕು, ಇವರಿಗೆ ಕೂತಲ್ಲಿ ಮುಳ್ಳು ಚುಚ್ಚಿದ ಹಾಗೆ. ಎದ್ದು ಒಳಗೆ ಹೋಗಿ ತೋಳು ಮಡಿಸಿಯೇ ಬಿಡುತ್ತಿದ್ದರು.

ಅತ್ತೆ, ಮುಂದಿನದನ್ನೂ ಬರೆದುಬಿಡುತ್ತೇನೆ. ಒಂದು ಶಾಲೆಯಿಂದ ದೊಡ್ಡ ಆರ್ಡರು ಬಂದಿತ್ತು, ಬನ್ನುಗಳು. ನಾನು ಬೆಣ್ಣೆ ತರಲು ಹೋಗಿದ್ದೆ. ಭಟ್ಟಿಯಣ್ಣ ಒಲೆಯ ಬಾಗಿಲು ಬಿಟ್ಟು ಬರುವ ಹಾಗಿರಲಿಲ್ಲ. ಇವರೇ ಮೂಟೆ ಎತ್ತಲು ಹೋದರು, ಹೊಲಿಗೆ ಬಿಚ್ಚಿ ಅಷ್ಟೂ ಮೈದಾ ಎದೆಯ ಮೇಲೆ ಸುರಿಯಿತು. ನಾನು ಬರುವಾಗ ಇವರು ನೆಲದಲ್ಲಿ ಕೂತು ಎರಡೂ ಕೈ ಮಂಡಿಯ ಮೇಲೆ ಊರಿದ್ದರು. ಹೆಗಲು ಮೇಲೆ ಕೆಳಗೆ ಆಗುತ್ತಿತ್ತು, ಒಳಗೆ ಗಾಳಿ ಹೋಗುತ್ತಿರಲಿಲ್ಲ. ಮೈಯೆಲ್ಲ ಬಿಳಿ, ತುಟಿ ಮಾತ್ರ ನೀಲಿ. ನನ್ನ ಹೆಸರು ಹಿಡಿದು ಕೂಗಲು ನೋಡಿದರು, ಮೊದಲ ಅಕ್ಷರಕ್ಕೇ ಉಸಿರು ಮುಗಿಯಿತು. ನಾನು ಬೆಣ್ಣೆಯನ್ನು ಅಲ್ಲೇ ಕೆಳಗೆ ಹಾಕಿ ಕಿರುಚಿದೆ. ಹಿಟ್ಟಿಗೆ ಹೆದರುವ ಬೇಕರಿ ಎಂದು ಗೊಣಗಿದ ಅದೇ ಭಟ್ಟಿಯಣ್ಣ ಒಲೆಯಲ್ಲಿದ್ದ ಬನ್ನನ್ನು ಅಲ್ಲೇ ಬಿಟ್ಟು ಓಡಿ ಬಂದ. ಇವರನ್ನು ಮಗುವಿನ ಹಾಗೆ ಎತ್ತಿ ಬೀದಿಗೆ ತಂದು, ಅಂಗಿ ಹರಿದೆಸೆದು, ಜೇಬಿನ ಪಂಪನ್ನು ಬಾಯಿಗಿಟ್ಟು, ವ್ಯಾನಿನಲ್ಲಿ ಹಾಕಿದ. ದಾರಿಯುದ್ದಕ್ಕೂ "ಎಳ್ಕೊ ಅಪ್ಪಾ, ಎಳ್ಕೊ" ಎಂದು ಅಳುತ್ತಿದ್ದ. ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕಿದಮೇಲೆ ಬಣ್ಣ ತಿರುಗಿತು. ನಮ್ಮ ಬನ್ನುಗಳೆಲ್ಲ ಇದ್ದಿಲಾಗಿದ್ದವು. ಶಾಲೆಯವರು ಬೇರೆ ಕಡೆಯಿಂದ ತರಿಸಿಕೊಂಡರಂತೆ. ನನಗೆ ಅದು ನೆನಪಾದದ್ದೇ ಮೂರನೆಯ ದಿನ.

ಅಂದು ಡಾಕ್ಟರಮ್ಮ ಸಿಡುಕಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. ಮಂಚದ ಅಂಚಿನಲ್ಲಿ ಕೂತು ಹೇಳಿದರು. ಮೈ ಒಮ್ಮೆ ಹಿಟ್ಟನ್ನು ಶತ್ರು ಎಂದು ಗುರುತು ಹಿಡಿದಮೇಲೆ ಚೂರು ಸಿಕ್ಕರೂ ಕೆರಳುತ್ತದೆ, ಮಾಸ್ಕು ಮುಚ್ಚಳ ಎಲ್ಲ ಬೇರೆಯವರಿಗೆ ಬರದಂತೆ ತಡೆಯಲು ಒಳ್ಳೆಯದು, ಇವರಿಗೆ ಸಾಲದು. "ಈಗ ಬಿಟ್ಟರೆ ಎದೆ ಮೊದಲಿನಂತಾಗೋ ದಾರಿ ಇದೆ. ತಡಮಾಡಿದ್ರೆ, ನೀವು ಹಿಟ್ಟು ಬಿಟ್ಟರೂ ಕಾಯಿಲೆ ನಿಮ್ಮನ್ನ ಬಿಡಲ್ಲ" ಎಂದರು. ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಿತ್ತೇ ಎಂದೂ ಕೇಳಿದರು. ನಾನು ಮಾವನ ಕೊನೆಯ ವರ್ಷಗಳ ಕೆಮ್ಮಿನ ಬಗ್ಗೆ ಹೇಳಿದೆ. ನೋಡದೆ ಏನೂ ಹೇಳುವಂತಿಲ್ಲ ಎಂದಷ್ಟೇ ಅಂದರು. ನಾನೂ ಅಷ್ಟಕ್ಕೇ ಬಿಟ್ಟಿದ್ದೇನೆ, ನೀವೂ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕೂರಬೇಡಿ.

ಆಸ್ಪತ್ರೆಯಿಂದ ಇವರನ್ನು ನೇರವಾಗಿ ಈ ಮನೆಗೇ ಕರೆತಂದೆ. ಮೇಲಿನ ಮನೆಯ ಪರದೆ, ಹಾಸಿಗೆ, ಕಿಟಕಿಯ ಸಂದು, ಎಲ್ಲ ಕಡೆ ಹಿಟ್ಟೇ ಕೂತಿತ್ತು ಅತ್ತೆ, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಈಗ ನಾನು ಬೇಕರಿ ಮುಗಿಸಿ ಅಲ್ಲೇ ಮಿಂದು, ಬಟ್ಟೆ ಬದಲಿಸಿ ಮನೆಗೆ ಬರುತ್ತೇನೆ. ಇವರು ಪೊಟ್ಟಣ ಕಟ್ಟಿದ ಬ್ರೆಡ್ಡನ್ನು ಡ್ರೈವರಣ್ಣನ ಜೊತೆ ವ್ಯಾನಿನಲ್ಲಿ ಅಂಗಡಿಗಳಿಗೆ ಹಾಕಿ ಬರುತ್ತಾರೆ, ಹೊಸ ಆರ್ಡರು ಹಿಡಿಯುತ್ತಾರೆ. ಹಿಟ್ಟು ಕಲಸುವುದು ನಾನು. ನನ್ನ ಮೊದಲ ಬ್ರೆಡ್ಡಿನಲ್ಲಿ ಗೋಡೆ ಕಟ್ಟಬಹುದಿತ್ತು. ಪಕ್ಕದ ಟೈಲರು ಕೊಂಡುಹೋಗಿ, ಸಂಜೆ ವಾಪಸು ಬಂದು, "ಅಮ್ಮಾ, ಇದನ್ನು ಕುಯ್ಯೋಕೆ ನನ್ನ ಕತ್ತರಿ ಸಾಲದು" ಎಂದ. ಈಗ ಪರವಾಗಿಲ್ಲ, ಬ್ರೆಡ್ಡು ಬ್ರೆಡ್ಡಿನ ಹಾಗೆ ಇರುತ್ತದೆ. ಇವರ ಕೈಯ ರುಚಿ ಬಂದಿಲ್ಲ, ನಿಮ್ಮದಂತೂ ದೂರದ ಮಾತು.

ಇವರ ಮೈ ಸುಧಾರಿಸಿತು. ಅಂಗಡಿಗಳ ಮೆಟ್ಟಿಲು ಸಲೀಸಾಗಿ ಹತ್ತುತ್ತಿದ್ದರು, ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಮನಸ್ಸು ಮಾತ್ರ ಸುಧಾರಿಸಲಿಲ್ಲ. ಊಟದ ತಟ್ಟೆಯಲ್ಲಿ ಬ್ರೆಡ್ಡು ಒತ್ತಿ ನೋಡಿ ಪಕ್ಕಕ್ಕಿಡುತ್ತಾರೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮೊನ್ನೆ ವ್ಯಾನಿಗೆ ಬ್ರೆಡ್ಡು ತುಂಬಿಸಲು ಹೊರಗೆ ಬಂದರೆ ಇವರು ಎದುರು ಕಾಲುದಾರಿಯಲ್ಲಿ ನಿಂತು, ನೆಂಟರು ಮನೆಯೊಳಗೆ ಕರೆಯಲಿ ಎಂದು ಕಾಯುವವರಂತೆ ನಮ್ಮ ಬಾಗಿಲನ್ನೇ ನೋಡುತ್ತಿದ್ದರು. ನಾನು ನೋಡಿದೆ ಎಂದು ಗೊತ್ತಾದ ಕೂಡಲೇ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. "ಹದಿನೈದನೇ ವಯಸ್ಸಿಗೆ ಕಲಿತದ್ದು, ಈ ಕೈಗೆ ಬೇರೇನೂ ಬರಲ್ಲ ಕಣೇ" ಎಂದು ಒಂದು ಸಲ ಹೇಳಿದರು, ಆಮೇಲೆ ಆ ವಿಷಯ ಎತ್ತಲಿಲ್ಲ. ಡಾಕ್ಟರಮ್ಮ ಹೇಳಿದರು, ಇದಕ್ಕೂ ಔಷಧಿ ಬೇಕು, ಅದು ನನ್ನ ಹತ್ತಿರ ಇಲ್ಲ, ಮನೆಯವರ ಹತ್ತಿರ ಇರುತ್ತದೆ ಎಂದು. ನನ್ನ ಹತ್ತಿರ ಇದ್ದದ್ದನ್ನೆಲ್ಲ ಕೊಟ್ಟು ನೋಡಿದೆ ಅತ್ತೆ.

ಇಷ್ಟು ದಿನ ನಿಮ್ಮಿಂದ ಮುಚ್ಚಿಟ್ಟದ್ದಕ್ಕೆ ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ಮಂಡಿ ಗುಣವಾಗುವ ಮುಂಚೆ ಹೊರಟು ಬರಬೇಡಿ. ಇಲ್ಲಿ ಎರಡೇ ಕೋಣೆಯಾದರೂ ನಿಮ್ಮ ಮಂಚಕ್ಕೆ ಕಿಟಕಿಯ ಪಕ್ಕ ಜಾಗ ಬಿಟ್ಟಿದ್ದೇನೆ, ಮೆಟ್ಟಿಲಿಲ್ಲದ ಮನೆ ನಿಮಗೂ ಒಳ್ಳೆಯದೇ. ನಾದಿನಿಗೆ, ಅವಳ ಯಜಮಾನರಿಗೆ ನನ್ನ ನೆನಪು ಹೇಳಿ. ಭಟ್ಟಿಯಣ್ಣ ನಿಮ್ಮನ್ನು ದಿನವೂ ಕೇಳುತ್ತಾನೆ. ಪುಟ್ಟಿ ಅಜ್ಜಿಗೆ ಮುತ್ತು ಕಳಿಸಿದ್ದಾಳೆ, ಹಲ್ಲಿನ ವಿಷಯ ಗೊತ್ತಿಲ್ಲದವರಂತೆ ಇರಿ.

ನಿಮ್ಮ ಕೈಹಿಡಿದು ಕಣ್ಣಿಗೊತ್ತಿಕೊಳ್ಳುವ,
ನಿಮ್ಮ ಸೊಸೆ

ಮತ್ತೆ ಬರೆಯುವುದು: ಲಕೋಟೆ ಅಂಟಿಸಲು ಹೋಗಿದ್ದೆ, ತೆರೆದು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಪುಟ್ಟಿ ಒಬ್ಬಳೇ ಬಂದಳು, ಕ್ಷೌರದಂಗಡಿಯ ಬೆಂಚಿನಲ್ಲಿ ಕೂರಿಸಿ ಅಪ್ಪ ಎಲ್ಲಿಗೋ ಹೋದರು ಎಂದಳು. ಸ್ವಲ್ಪ ಹೊತ್ತಾದಮೇಲೆ ಇವರು ಬಂದರು. ಕೈ, ಮುಖ ತೊಳೆದುಕೊಂಡಿದ್ದರು, ಆದರೆ ಕಿವಿಯ ಹಿಂದೆ ಮೈದಾ ಹಾಗೇ ಇತ್ತು. ಬೇಕರಿಗೆ ಇವತ್ತು ರಜ, ಒಳಗೆ ಯಾರೂ ಇಲ್ಲ. ಕೇಳಿದೆ. ಇವತ್ತೇ ಅಲ್ಲವಂತೆ, ಕಳೆದ ಭಾನುವಾರವೂ ಹೋಗಿದ್ದರಂತೆ. ಒಬ್ಬರೇ ಹಿಟ್ಟು ಕಲಸಿ, ಸೋಮವಾರಕ್ಕೆಂದು ಮುಚ್ಚಿಟ್ಟು ಬಂದಿದ್ದಾರೆ. ಮೊನ್ನೆ ಸೋಮವಾರದ ಬ್ರೆಡ್ಡು ಯಾಕೆ ಅಷ್ಟು ಚೆನ್ನಾಗಿತ್ತೆಂದು ನನಗೆ ಈಗ ತಿಳಿಯಿತು, ಭಟ್ಟಿಯಣ್ಣನಿಗೂ ಇದು ಗೊತ್ತು, ಅಂದು ತಾನೇ ಕಲಸಿಟ್ಟೆ ಎಂದು ನನಗೆ ಸುಳ್ಳು ಹೇಳಿದ್ದ. ನಾನು ಕೂಗಾಡಿದೆ. ಅದಕ್ಕೆ ಇವರು ಹೇಳಿದ ಮಾತು ಇದು: "ಅಪ್ಪ ಹೋದ ದಿನ ಅಮ್ಮ ನನ್ನ ಕೈಹಿಡಿದು, ನಮ್ಮ ಭಟ್ಟಿ ಆರಬಾರದು ಅಂದ್ಲು. ನಾನು ಆಗಲಿ ಅಂದಿದ್ದೀನಿ. ಅವಳು ವಾಪಸ್ ಬಂದಾಗ ಏನಂತ ಹೇಳ್ಲಿ?" ಇಷ್ಟು ವರ್ಷದಲ್ಲಿ ನನಗೆ ಈ ಮಾತು ಗೊತ್ತೇ ಇರಲಿಲ್ಲ. ಡಾಕ್ಟರಮ್ಮನಿಂದ ಆಗದ್ದು, ನನ್ನಿಂದ ಆಗದ್ದು, ನಿಮ್ಮೊಬ್ಬರಿಂದ ಆಗುತ್ತದೆ ಅತ್ತೆ. ಕಾಗದ ಕೈಗೆ ಸಿಕ್ಕ ದಿನವೇ ಫೋನ್ ಮಾಡಿ. ಕುಶಲ ಕೇಳುತ್ತ ಕೂರಬೇಡಿ. ಆ ಮಾತಿನಿಂದ ನಿನ್ನನ್ನು ಬಿಡಿಸಿದ್ದೇನೆ, ಇನ್ನು ಒಳಗೆ ಹೋಗಬೇಡ ಎಂದು ನಿಮ್ಮ ಬಾಯಿಂದಲೇ ಹೇಳಿ. ಈಗ ಇವರು ಬಚ್ಚಲಲ್ಲಿದ್ದಾರೆ. ಕೆಮ್ಮು ನನಗೆ ಕೇಳಬಾರದೆಂದು ನಲ್ಲಿ ಪೂರ್ತಿ ತಿರುಗಿಸಿಟ್ಟಿದ್ದಾರೆ.